ಗಾಳಿ ಕುಡಿಯುವ ಕಾರಿನ ಬಾಯಿ

ನಮ್ಮ ಕಾರಿಗೆ ನೀರು ಹಾಕುವಂತಿರಲಿಲ್ಲ. ಈ ಒಂದು ಮಾತನ್ನು ಕೊಡಿಗೇಹಳ್ಳಿಯ ಜನಕ್ಕೆ ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಯಿತು. ಕಾರು ಅಂದರೆ ಮುಂದೊಂದು ಮೂತಿ, ಮೂತಿಯ ಮೇಲೊಂದು ಬಿರಡೆ, ಬಿರಡೆ ತೆಗೆದರೆ ಬುಸ್ಸೆಂದು ಆವಿ, ಅದಕ್ಕೊಂದು ಬಿಂದಿಗೆ ನೀರು. ಅವರು ಕಂಡಿದ್ದ ಕಾರು, ಲಾರಿ, ಬಸ್ಸುಗಳೆಲ್ಲ ಹಾಗೇ ಇದ್ದವು. ನಮ್ಮದರ ಮೂತಿ ತೆರೆದರೆ ಒಳಗೆ ಸ್ಟೆಪ್ನಿ ಮತ್ತು ಪೆಟ್ರೋಲ್ ಟ್ಯಾಂಕು. ಇಂಜಿನ್ ಇದ್ದದ್ದು ಹಿಂದೆ, ಸಾಮಾನು ತುಂಬುವ ಡಿಕ್ಕಿ ಇರಬೇಕಾದ ಜಾಗದಲ್ಲಿ. ಪಕ್ಕದ ಮನೆಯ ಅಜ್ಜ ಕಾರಿನ ಸುತ್ತ ಎರಡು ಸುತ್ತು ಹಾಕಿ, "ಇದೇನವ್ವ, ತಲೇಲಿರೋದು ಬಾಲದಾಗೈತೆ" ಅಂದು ಬೀಡಿ ಹಚ್ಚಿಕೊಂಡು ಹೊರಟುಹೋದ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನ್ನ ಗಂಡ ಜಾಲಹಳ್ಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತರಾಗಿದ್ದರು. ಯಂತ್ರಗಳನ್ನು ಕೂರಿಸಲು ಬಂದಿದ್ದ ವಿದೇಶಿ ಇಂಜಿನಿಯರೊಬ್ಬ ಊರಿಗೆ ಮರಳುವಾಗ ತನ್ನ ಬೂದುಬಣ್ಣದ, ಆಮೆಬೆನ್ನಿನ ಕಾರನ್ನು ಇವರಿಗೆ ಒಪ್ಪಿಸಿ ಹೋದ. ಜೊತೆಗೆ ಅವನ ಭಾಷೆಯಲ್ಲಿ ಅಚ್ಚಾದ ಒಂದು ದಪ್ಪ ಪುಸ್ತಕ. ನನ್ನವರಿಗೆ ಕಾರು ಓಡಿಸುವುದೆಂದರೆ ಪ್ರಾಣ, ಅದರ ಹೊಟ್ಟೆಯೊಳಗೆ ಕೈ ಹಾಕುವುದೆಂದರೆ ಅಷ್ಟೇ ಭಯ. ಮುಚ್ಚಳ ತೆಗೆದು ನೋಡಿ, "ಎಲ್ಲ ಸರಿಯಾಗಿದೆ ಅನ್ಸತ್ತೆ ಕಣೇ" ಅಂದು ಮುಚ್ಚಿಬಿಡುತ್ತಿದ್ದರು. ಏನು ಸರಿಯಾಗಿದೆ, ಏನು ಕೆಟ್ಟಿದೆ ಅಂತ ದೇವರಾಣೆಗೂ ಅವರಿಗೆ ಗೊತ್ತಿರಲಿಲ್ಲ.

ನನಗೆ ಗೊತ್ತಾಗುತ್ತಿತ್ತು. ಯಲಹಂಕದಲ್ಲಿ ನನ್ನಪ್ಪನಿಗೆ ಹಿಟ್ಟಿನ ಗಿರಣಿ ಇತ್ತು, ಗಿರಣಿಗೆ ಒಂದು ಆಯಿಲ್ ಇಂಜಿನ್ನು. ಅದು ಕೆಮ್ಮಿದರೆ ಯಾಕೆ ಕೆಮ್ಮಿತು, ಮುನಿಸಿಕೊಂಡರೆ ಹೇಗೆ ರಮಿಸಬೇಕು ಎಂಬುದನ್ನೆಲ್ಲ ಅಪ್ಪ ನನಗೆ ಕಲಿಸಿದ್ದರು. ಮದುವೆಯಾಗಿ ಬರುವಾಗ ಒಡವೆಯ ಪೆಟ್ಟಿಗೆಯ ತಳದಲ್ಲಿ ನಾಲ್ಕು ಸ್ಪ್ಯಾನರ್ ಇಟ್ಟುಕೊಂಡು ಬಂದವಳು ನಾನು. ಅವುಗಳನ್ನು ಯಾತಕ್ಕೆ ತಂದೆ ಅಂತ ಆಗ ನನಗೇ ತಿಳಿದಿರಲಿಲ್ಲ, ಬಿಟ್ಟುಬರಲು ಮನಸ್ಸಾಗಲಿಲ್ಲ ಅಷ್ಟೆ.

ಮೊದಲ ಭಾನುವಾರ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಮುಚ್ಚಳ ಎತ್ತಿದೆ ನೋಡಿ, ನನಗೆ ಮೈ ಜುಮ್ಮೆಂದಿತು. ನಾಲ್ಕು ಸಿಲಿಂಡರುಗಳು, ಈ ಕಡೆ ಎರಡು, ಆ ಕಡೆ ಎರಡು, ಅಡ್ಡಡ್ಡ ಮಲಗಿದ್ದವು. ನೀರಿನ ಕೊಳವೆಯಿಲ್ಲ, ರೇಡಿಯೇಟರ್ ಇಲ್ಲ, ಸೋರುವುದಕ್ಕೆ ಏನೂ ಇಲ್ಲ. ಮೇಲೊಂದು ದೊಡ್ಡ ತಗಡಿನ ಪೆಟ್ಟಿಗೆ. ಅದರೊಳಗೊಂದು ಫ್ಯಾನು. ಒಂದೇ ಒಂದು ಬೆಲ್ಟು ಅದನ್ನು ತಿರುಗಿಸಿದರೆ ಫ್ಯಾನು ಗಾಳಿ ಎಳೆದು ನಾಲ್ಕು ಸಿಲಿಂಡರುಗಳ ಮೇಲೂ ಬೀಸುತ್ತದೆ, ಇಂಜಿನ್ ತಣ್ಣಗಿರುತ್ತದೆ. ಇಷ್ಟೇ. ಇಷ್ಟು ಸರಳವಾದದ್ದನ್ನು ಯೋಚಿಸಿದವನ ಕೈಗೆ ಮುತ್ತಿಡಬೇಕು ಅನ್ನಿಸಿತು. ಈಗ ಅಂಥ ಕಾರುಗಳನ್ನು ಕ್ಲಾಸಿಕ್ ಅಂತ ಕರೆದು, ಮಖಮಲ್ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ನಿಲ್ಲಿಸುತ್ತಾರಂತೆ. ನಮ್ಮದು ಕೊಟ್ಟಿಗೆಯಲ್ಲಿ, ಎರಡು ಎತ್ತುಗಳ ಪಕ್ಕದಲ್ಲಿ ನಿಲ್ಲುತ್ತಿತ್ತು.

ಪುಸ್ತಕದ ಭಾಷೆ ಬಾರದಿದ್ದರೂ ಚಿತ್ರಗಳು ಬರುತ್ತಿದ್ದವು. ಚಿತ್ರ ನೋಡಿ ನೋಡಿಯೇ ಎಲ್ಲ ಕಲಿತೆ. ಎಣ್ಣೆ ಇಳಿಸಿ, ಅದನ್ನು ಸೋಸುವ ಜಾಲರಿಯನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡುವುದು. ಎಲ್ಲಕ್ಕಿಂತ ಖುಷಿಯ ಕೆಲಸ ವಾಲ್ವುಗಳ ಸಂದು ಸರಿಮಾಡುವುದು. ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಅದನ್ನು ಮಾಡಬೇಕು, ಹಾಗಾಗಿ ಬೆಳಿಗ್ಗೆ ಕಾಫಿಗೂ ಮೊದಲೇ ಇವರನ್ನು ಎಬ್ಬಿಸಿ ಕೊಟ್ಟಿಗೆಗೆ ಎಳೆದುಕೊಂಡು ಹೋಗುತ್ತಿದ್ದೆ. ಇವರು ಆಕಳಿಸುತ್ತ ಬೆಲ್ಟು ಸುತ್ತಿದ ಕಪ್ಪಿಯನ್ನು ಕೈಯಲ್ಲಿ ತಿರುಗಿಸುವುದು, ನಾನು ಕಾರಿನಡಿ ಮಲಗಿ ತೆಳ್ಳನೆಯ ತಗಡಿನ ಎಲೆಯೊಂದನ್ನು ಆ ಸಂದಿನಲ್ಲಿ ತೂರಿಸಿ ಎಳೆಯುವುದು. ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಎಲೆ ಜಾರಿ ಬಂದಾಗ ನನಗಾಗುತ್ತಿದ್ದ ಸಂತೋಷವನ್ನು ಒಡವೆ ಅಂಗಡಿಯಲ್ಲೂ ಕಂಡವಳಲ್ಲ. ಆಮೇಲೆ ಇವರು ಕೀಲಿ ತಿರುಗಿಸಿದರೆ ಕಡಲೆ ಹುರಿದ ಹಾಗೆ ಟಕಟಕ ಸದ್ದು. ಎತ್ತುಗಳು ಕಿವಿ ನಿಮಿರಿಸುತ್ತಿದ್ದವು.

ಮಾವನವರಿಗೆ ಇದು ಸರಿಬರುತ್ತಿರಲಿಲ್ಲ. ದ್ರಾಕ್ಷಿ ತೋಟದ ಯಜಮಾನರು, ಊರಿನಲ್ಲಿ ಮಾತಿಗೆ ತೂಕವಿದ್ದವರು. ಸೊಸೆಯ ಜೊತೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ನಾನು ಎದುರಿಗೇ ಮಸಿ ಕೈಯಲ್ಲಿ ನಿಂತಿದ್ದರೂ ಕಂಬಕ್ಕೋ ಮಗನಿಗೋ ಹೇಳುತ್ತಿದ್ದರು: "ಆಯಮ್ಮಂಗೆ ಏಳು, ಎಂಗಸು ಗಾಡಿ ಅಡಿ ಮನಗಾದು ಚೆಂದಲ್ಲ ಅಂತ." ನಾನೂ ಕಂಬಕ್ಕೇ ಉತ್ತರ ಕೊಡುತ್ತಿದ್ದೆ: "ಗಾಡಿ ಒಂದು ದಿನಾನೂ ನಿಂತಿಲ್ಲ ಅಂತ ಹೇಳಿ." ಅದು ನಿಜವೂ ಆಗಿತ್ತು. ಎರಡು ವರ್ಷ ಆ ಕಾರು ದಾರಿಯಲ್ಲಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದೊಂದೇ ನನ್ನ ಬಲ.

ಅತ್ತೆಯದು ಬೇರೆ ಥರ. ಉಣ್ಣಿಸದೆ ಯಾರನ್ನೂ ಹೊಸ್ತಿಲು ದಾಟಿಸಿದವರಲ್ಲ. ಎತ್ತು, ನಾಯಿ, ಅಂಚೆಯವನು, ಎಲ್ಲರಿಗೂ ಅವರ ಕೈತುತ್ತು ಬೀಳಲೇಬೇಕು. ಆಯುಧಪೂಜೆಯ ಹಿಂದಿನ ದಿನ ನಾನು ಇಂಜಿನ್ನಿನ ಧೂಳು ಒರೆಸುತ್ತಿದ್ದಾಗ ಪಕ್ಕದಲ್ಲಿ ಬಂದು ನಿಂತರು.

"ಅಮ್ಮಣ್ಣಿ, ಇದು ನೀರೂ ಕುಡಿಯಾಕಿಲ್ಲ ಅಂತೀಯಲ್ಲ, ಇನ್ನೇನ್ ಕುಡೀತದೆ?"

ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದವಳು ನಾನು. ಇವರಿಗೆ ಇಂಜಿನ್ ಚಾಲೂ ಮಾಡಲು ಹೇಳಿ, ಒಂದು ಕಾಗದದ ಚೂರನ್ನು ತಗಡಿನ ಪೆಟ್ಟಿಗೆಯ ಹಿಂಬದಿಯಲ್ಲಿದ್ದ ದುಂಡನೆಯ ತೂತಿನ ಹತ್ತಿರ ಹಿಡಿದೆ. ಕಾಗದ ಪಟಪಟ ಅಂತ ಆ ಕಡೆಗೆ ಬಾಗಿತು. ಅತ್ತೆಯ ಕಣ್ಣು ಅಗಲವಾಯಿತು.

"ಗಾಳಿ ಕುಡಿಯತ್ತೆ ಅತ್ತೆ. ಇದೇ ಅದರ ಬಾಯಿ. ಇಲ್ಲಿಂದ ತಗೊಂಡು ಮೈಗೆಲ್ಲ ಕೊಡತ್ತೆ."

"ಎಳೀತದೆ ಕಣಮ್ಮಣ್ಣಿ" ಅಂದರು ಅತ್ತೆ, ಕರು ಮೊದಲ ಸಲ ಹಾಲು ಕುಡಿದದ್ದನ್ನು ನೋಡಿದವರ ದನಿಯಲ್ಲಿ. ನನಗೆ ಹೆಮ್ಮೆ ಉಕ್ಕಿತು. ಪಾಠ ಹೇಳಿಬಿಟ್ಟೆ ಅಂದುಕೊಂಡೆ.

ಮರುದಿನ ನಾನು ಒಳಗೆ ಒಬ್ಬಟ್ಟು ಬೇಯಿಸುತ್ತಿದ್ದೆ. ಹೊರಗೆ ನೇಗಿಲು, ಪಂಪ್‌ಸೆಟ್, ಸೈಕಲ್, ಕಾರು, ಎಲ್ಲಕ್ಕೂ ಪೂಜೆ. ಮಾವ ಬೂದುಗುಂಬಳ ಒಡೆದರು, ಚಕ್ರದಡಿ ನಿಂಬೆಹಣ್ಣು ಇಟ್ಟರು. ಮಿಕ್ಕ ಕುಂಕುಮ, ಹೂವು, ನೈವೇದ್ಯವೆಲ್ಲ ಅತ್ತೆಯದು.

ವಿಜಯದಶಮಿಯ ದಿನ ನಾಲ್ಕೂ ಜನ ಯಶವಂತಪುರದ ನೆಂಟರ ಮನೆಗೆ ಹೊರಟೆವು. ಇವರು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ಹೊಸ ಪಂಚೆ ಉಟ್ಟ ಮಾವ, ಹಿಂದೆ ನಾನು, ಅತ್ತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನೊಳಗೆ ಸಿಹಿ ಸಿಹಿ ವಾಸನೆ. "ಯಾರ ಮನೇಲೋ ಪಾಕ ತೆಗೀತಾವ್ರೆ" ಅಂದರು ಅತ್ತೆ. ಹಬ್ಬದ ದಿನ, ಯಾರೋ ತೆಗೆಯುತ್ತಿರಬಹುದು ಅಂತ ನಾನೂ ಸುಮ್ಮನಾದೆ. ಹೆಬ್ಬಾಳದ ಏರಿ ಹತ್ತುವಾಗ ಇಂಜಿನ್ನಿನ ದನಿ ಬದಲಾಯಿತು. ಕಲ್ಲಿಗೆ ಕಲ್ಲು ಬಡಿದಂತೆ ಸದ್ದು. ಇಂಜಿನ್ ಎಣ್ಣೆಯ ಎಚ್ಚರಿಕೆ ದೀಪ ಮಿಣುಕಿತು. "ನಿಲ್ಲಿಸಿ" ಅಂತ ನಾನು ಕೂಗುವ ಮೊದಲೇ ಕಾರು ತಾನೇ ನಿಂತುಬಿಟ್ಟಿತು.

ಇಳಿದು ಮುಚ್ಚಳ ಎತ್ತಿದರೆ ಮುಖಕ್ಕೆ ಒಲೆಯ ಝಳ. ಬೆಲ್ಟ್ ಹರಿದಿರಲಿಲ್ಲ. ಎಣ್ಣೆಯ ಮಟ್ಟ ಸರಿಯಾಗಿತ್ತು. ಇನ್ನೇನು ಅಂತ ನನಗೆ ಹೊಳೆಯಲೇ ಇಲ್ಲ. ಕ್ಷಣದಲ್ಲಿ ಜನ ಸೇರಿದರು. ಪುಣ್ಯಾತ್ಮನೊಬ್ಬ ಕೆರೆಯಿಂದ ಒಂದು ಬಕೆಟ್ ನೀರು ಹೊತ್ತು ತಂದು, ಎಲ್ಲಿ ಸುರಿಯಬೇಕು ಅಂತ ಕಾರಿನ ಸುತ್ತ ಹುಡುಕುತ್ತಿದ್ದ. ಅವನನ್ನು ತಡೆಯುವುದೇ ನನಗೊಂದು ಕೆಲಸವಾಯಿತು. ಕೊನೆಗೆ ಯಾರದೋ ಎತ್ತುಗಳಿಗೆ ಹಗ್ಗ ಕಟ್ಟಿ ಎಳೆಸಿಕೊಂಡು, ಊರಿನವರೆಲ್ಲ ಜಗಲಿಯ ಮೇಲೆ ನಿಂತು ನೋಡುತ್ತಿರುವಂತೆ, ಕೊಡಿಗೇಹಳ್ಳಿಗೆ ವಾಪಸಾದೆವು. ಮಾವ ಹೊಸ ಪಂಚೆಯಲ್ಲಿ ಕಾರಿನ ಹಿಂದೆ ನಡೆದು ಬಂದರು. 

ಮನೆಗೆ ಬಂದಮೇಲೆ ಮಾತು ಬಂತು. ಆಗಲೂ ಕಂಬಕ್ಕೇ.

"ಎಂಗಸಿನ ಕೈ ಬಿದ್ರೆ ಇಂಗೇ ಆಗಾದು. ಭಾನುವಾರ ಮಧ್ಯಾನ ಗುಜರಿಯೋನ್ಗೆ ಲಾರಿ ತರಾಕೆ ಏಳೀವ್ನಿ. ಅಷ್ಟ್ರಲ್ಲಿ ಅದು ಓಡ್ಬೇಕು, ಯಾಕ್ ನಿಂತ್ತು ಅಂತ್ಲೂ ಗೊತ್ತಾಗ್ಬೇಕು. ಇಲ್ದಿದ್ರೆ ಗಾಡೀನೂ ಓಗ್ತದೆ, ಆಯಮ್ಮ ಇನ್ನೊಂದ್ ದಪ ಸ್ಪ್ಯಾನರ್ ಮುಟ್ಟಂಗಿಲ್ಲ."

ನಾಲ್ಕು ದಿನ ಇತ್ತು. ಒಳಗೆ ಹೋಗಿ ಸಿಟ್ಟಿಗೆ ಅತ್ತುಬಿಟ್ಟೆ. ಕಾರು ಹೋದರೆ ಹೋಗಲಿ, ಇನ್ನೊಂದು ಬಂದೀತು. ಆದರೆ ನನ್ನ ಕೈ ಕೆಡಿಸುವ ಕೈ ಅನ್ನಿಸಿಕೊಂಡು ಆ ಮನೆಯಲ್ಲಿ ಬಾಳುವುದು ಹೇಗೆ? ಕಣ್ಣೊರೆಸಿಕೊಂಡು ಪುಸ್ತಕ ತೆರೆದೆ. ಇಂಜಿನ್ನನ್ನು ಕಾರಿನಿಂದ ಕೆಳಗಿಳಿಸುವ ಚಿತ್ರ ಎಷ್ಟನೆಯ ಪುಟದಲ್ಲಿದೆ ಅಂತ ನನಗೆ ಬಾಯಿಪಾಠವಾಗಿತ್ತು. ಎರಡು ವರ್ಷದಿಂದ ಅದನ್ನು ನೋಡಿ ಆಸೆಪಟ್ಟಿದ್ದೆ. ಅಷ್ಟು ಸಂಕಟದಲ್ಲೂ, ನಿಜ ಹೇಳುತ್ತೇನೆ, ಒಳಗೊಳಗೇ ಒಂದು ಕುಣಿತ ಶುರುವಾಯಿತು.

ಆ ಇಂಜಿನ್ ಕಾರಿಗೆ ಅಂಟಿಕೊಂಡಿರುವುದು ಬರೀ ನಾಲ್ಕು ಬೋಲ್ಟುಗಳಿಂದ. ಗುರುವಾರ ಇವರು ರಜೆ ಹಾಕಿದರು. ವೈರುಗಳನ್ನು ಬಿಡಿಸಿದೆವು, ಪೆಟ್ರೋಲಿನ ಕೊಳವೆಗೆ ಪೆನ್ಸಿಲ್ ತುಂಡು ಬೆಣೆ ಹೊಡೆದೆವು. ಇಂಜಿನ್ನಿನ ಅಡಿಗೆ ಹಲಗೆ, ಹಲಗೆಯ ಮೇಲೆ ಮಡಿಸಿದ ಗೋಣಿಚೀಲ. ಕೊನೆಯ ನಟ್ಟು ಬಿಚ್ಚಿ ಹಿಂದಕ್ಕೆ ಜಗ್ಗಿದಾಗ ಆ ಭಾರವೆಲ್ಲ ಗೋಣಿಯ ಮೇಲೆ ಧಸಕ್ಕನೆ ಕೂತಿತು. ತೋಟದ ಆಳುಗಳು ಆರು ಜನ ಬಂದು, ಹೋ ಅಂತ ಕಾರಿನ ಹಿಂಭಾಗವನ್ನೇ ಎತ್ತಿ ಹಿಡಿದರು. ನಾವಿಬ್ಬರೂ ಹಲಗೆ ಹಿಡಿದು ಇಂಜಿನ್ನನ್ನು ಬೆಳಕಿಗೆ ಎಳೆದೆವು. ಮನೆಯಂಗಳದಲ್ಲಿ, ತುಳಸಿಕಟ್ಟೆಯ ಪಕ್ಕದಲ್ಲಿ, ಇಡೀ ಇಂಜಿನ್. ಇವರು ಬೆವರು ಒರೆಸಿಕೊಳ್ಳುತ್ತ, "ಮತ್ತೆ ಒಳಗೆ ಹೋಗತ್ತೇನೇ ಇದು?" ಅಂದರು. ನನಗೆ ನಗು ತಡೆಯಲಾಗಲಿಲ್ಲ.

ಶುಕ್ರವಾರ ಇವರು ಕಾರ್ಖಾನೆಗೆ ಹೋದಮೇಲೆ ಒಬ್ಬಳೇ ಕೂತು ತಗಡಿನ ಪೆಟ್ಟಿಗೆ ಎತ್ತಿದೆ. ಆ ಪೆಟ್ಟಿಗೆಯೊಳಗೆ, ಫ್ಯಾನಿನ ಗಾಳಿಗೆ ಎದುರಾಗಿ, ಎಣ್ಣೆ ತಣಿಸುವ ಒಂದು ಜಾಲರಿಯಂಥ ಭಾಗ ನಿಂತಿರುತ್ತದೆ. ಅದು ಕಾಣಿಸಲೇ ಇಲ್ಲ. ಅದರ ತುಂಬ ಕರ್ರಗೆ, ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದೆ. ಚೆಂಡುಹೂವಿನ ಎಸಳು. ಕಡ್ಲೆಪುರಿ. ಹುರಿಗಡಲೆ. ಎಲ್ಲವನ್ನೂ ಹಿಡಿದುಕೊಂಡಿದ್ದ, ಕರಗಿ ಪಾಕವಾಗಿ ಸೀದುಹೋಗಿದ್ದ ಬೆಲ್ಲ. ಫ್ಯಾನು ಬೀಸಿದ ಗಾಳಿಯೆಲ್ಲ ಅಲ್ಲೇ ತಡೆದು, ಎಣ್ಣೆ ಕಾದು, ಅದರ ಹಿಂದಿನ ಸಿಲಿಂಡರಿನ ವಾಲ್ವು ಸುಟ್ಟಿತ್ತು.

ಸಿಟ್ಟು ನೆತ್ತಿಗೇರಿತು ನನಗೆ. ಸಿಕ್ಕಿತು, ಸಿಕ್ಕಿತು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಪಕ್ಕದಲ್ಲಿದ್ದ ಮೊರಕ್ಕೆ ಆ ಗಟ್ಟಿಯನ್ನೆಲ್ಲ ಕೆರೆದು ಹಾಕಿಕೊಂಡು ಎದ್ದೆ. ನೇರ ಮಾವನ ಮುಂದೆ ಹಿಡಿದು, ಯಾವ ಹೆಂಗಸಿನ ಕೈ ಅಂತ ನೋಡಿಕೊಳ್ಳಿ ಅನ್ನಬೇಕು. ಕಂಬಕ್ಕಲ್ಲ, ಅವರಿಗೇ. ನಾಲ್ಕು ಹೆಜ್ಜೆ ಹಾಕಿದೆ ಕೂಡ. ಐದನೆಯದಕ್ಕೆ ನನ್ನ ಮಾತೇ ನೆನಪಾಯಿತು: ಇದೇ ಅದರ ಬಾಯಿ. ಎತ್ತಿನ ಬಾಯಿಗೆ ಬೆಲ್ಲ ಇಟ್ಟ ಅತ್ತೆ, ನಾನು ತೋರಿಸಿಕೊಟ್ಟ ಬಾಯಿಗೂ ಇಟ್ಟಿದ್ದರು. ಕಾಗದ ಹಿಡಿದು ಜಂಬ ಕೊಚ್ಚಿಕೊಂಡವಳು ನಾನು.

ಅಂಗಳದಲ್ಲಿ ಮೊರ ಹಿಡಿದು ನಿಂತೇ ಇದ್ದೆ. ಅತ್ತೆ ಆ ಮನೆಯಲ್ಲಿ ಗಂಡನ ಎದುರು ದನಿ ಎತ್ತಿದವರಲ್ಲ. ಊರ ಮುಂದೆ ಆ ಮೆರವಣಿಗೆಗೆ ಕಾರಣ ತಾವೇ ಅಂತ ಗೊತ್ತಾದರೆ ಅವರ ಪಾಡೇನು? ಮೊರದ ಮೇಲೆ ಬಾಳೆಲೆ ಮುಚ್ಚಿ ಹುಲ್ಲಿನ ಮೆದೆಯ ಹಿಂದೆ ಇಟ್ಟೆ. ಹೇಳುವುದಿಲ್ಲ ಅಂತ ತೀರ್ಮಾನಿಸಿದೆ. ನಾನು ಎಂಥ ದೊಡ್ಡ ಮನಸ್ಸಿನವಳು ಅಂತ ನನಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಅಂದೇ ಸಂಜೆ ಇವರು ಕಾರ್ಖಾನೆಯಿಂದ ಬಂದೊಡನೆ, ಸುಟ್ಟ ವಾಲ್ವನ್ನು ಕೈಗೆ ಕೊಟ್ಟು ಪೇಟೆಗೆ ಕಳಿಸಿ ಹೊಸದನ್ನು ತರಿಸಿದೆ. ಹೊಸ ವಾಲ್ವನ್ನು ಅದರ ಕುಳಿಗೆ ಉಜ್ಜಿ ಉಜ್ಜಿ ಕೂರಿಸಬೇಕು. ತುದಿಗೆ ರಬ್ಬರಿನ ಬಿಲ್ಲೆ ಇರುವ ಒಂದು ಕೋಲು, ಅದನ್ನು ವಾಲ್ವಿಗೆ ಕಚ್ಚಿಸಿ, ಮರಳುಮರಳಾದ ಪೇಸ್ಟ್ ಹಚ್ಚಿ, ಎರಡೂ ಅಂಗೈಗಳ ನಡುವೆ ಹಿಂದೆ ಮುಂದೆ ತಿರುಗಿಸುವುದು. ಶನಿವಾರ ಮಧ್ಯಾಹ್ನದ ಹೊತ್ತಿಗೆ ನನ್ನ ಅಂಗೈ ಬೊಬ್ಬೆ ಎದ್ದಿತ್ತು. ಎಂದೂ ಅಲ್ಲಿಗೆ ಬಂದು ಕೂರದ ಅತ್ತೆ ಪಕ್ಕದಲ್ಲಿ ಬಂದು ಕೂತು, ನನ್ನ ಕೈಯಿಂದ ಕೋಲು ತೆಗೆದುಕೊಂಡರು. ಕಡಗೋಲು ತಿರುಗಿಸಿದ ಕೈ. ಒಂದೇ ಹದ, ಒಂದೇ ಲಯ, ಸ್ವಲ್ಪವೂ ತಪ್ಪಿಲ್ಲ. ಅರ್ಧ ಗಂಟೆಗೆಲ್ಲ ವಾಲ್ವಿನ ಅಂಚಿನಲ್ಲಿ ಬೂದುಬಣ್ಣದ ಉಂಗುರ ಸುತ್ತಲೂ ಸಮನಾಗಿ ಮೂಡಿತು. ನಾನು ಮೂರು ದಿನ ತಿರುಗಿಸಿದ್ದರೂ ಅಷ್ಟು ಚೆಂದ ಬರುತ್ತಿರಲಿಲ್ಲ. "ಅತ್ತೆ, ಎಂಥ ಕೈ ನಿಮ್ದು" ಅಂದೆ. ಅವರು ನಗಲಿಲ್ಲ. ಆಯಾಸ ಇರಬೇಕು ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಆಳುಗಳು ಮತ್ತೆ ಬಂದು ಕಾರಿನ ಹಿಂಭಾಗ ಎತ್ತಿದರು, ಇಂಜಿನ್ ಒಳಹೊಕ್ಕಿತು, ನಾಲ್ಕು ಬೋಲ್ಟ್ ಬಿಗಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಗುಜರಿಯವನ ಲಾರಿ ಆಗಲೇ ಬಂದು ಬೇಲಿಯ ಹೊರಗೆ ನಿಂತಿತ್ತು. ಮಾವ ಜಗಲಿಯ ಮೇಲೆ. ಬೇಲಿಯ ಮೇಲೆ ಅರ್ಧ ಊರು. ಇವರು ಕೀಲಿ ತಿರುಗಿಸಿದರು. ಗರ್ ಗರ್ ಅಂದು ಸುಮ್ಮನಾಯಿತು. ಇನ್ನೊಂದು ಸಲ.  ಮೂರನೆಯ ಸಲ ಒಂದು ಕೆಮ್ಮು, ಒಂದು ಬುಸಕ್ಕನೆ ನೀಲಿ ಹೊಗೆ, ಆಮೇಲೆ ಟಕಟಕ ಟಕಟಕ, ನಾಲ್ಕೂ ಸಿಲಿಂಡರು ಒಂದೇ ಉಸಿರಿನಲ್ಲಿ. ಆಳುಗಳು ಶಿಳ್ಳೆ ಹೊಡೆದರು. ನಾನು ಕುಣಿದುಬಿಟ್ಟೆ, ಮಾವ ಎದುರಿಗಿರುವುದೂ ಮರೆತು.

ಮಾವ ಕೈ ಎತ್ತಿದರು. ಇವರು ಇಂಜಿನ್ ಆರಿಸಿದರು. ಅವರು ಕಂಬದ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದರು. ಆ ಮನೆಗೆ ಬಂದ ಮೇಲೆ ಮೊದಲ ಸಲ.

"ಯಾಕ್ ನಿಂತಿತ್ತು ಏಳವ್ವ."

 "ನನ್ನ ತಪ್ಪು ಮಾವ" ಅಂದೆ. ಅದು ಅರ್ಧ ನಿಜ ತಾನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾವ ನಿಟ್ಟುಸಿರು ಬಿಟ್ಟು ಲಾರಿಯ ಕಡೆಗೆ ತಿರುಗಿದರು. ಯಾಕೆ ನಿಂತಿತು ಅಂತ ನಾನು ಹೇಳಲೇ ಇಲ್ಲ; ತಪ್ಪು ನನ್ನದಾದರೆ ಕೆಡಿಸಿದ ಕೈಯೂ ನನ್ನದೇ, ಅವರಾಡಿದ ಮಾತು ಮಾತೇ. ಗುಜರಿಯವನು ಹಗ್ಗ ಬಿಚ್ಚತೊಡಗಿದ.

ಆಗ ಅತ್ತೆ ಒಳಗಿನಿಂದ ಬಂದರು. ಅವರ ಕೈಯಲ್ಲಿ ಮೊರ ಇತ್ತು. ರಾಗಿ ಕೇರಲು ಶುಕ್ರವಾರವೇ ಅದನ್ನು ಹುಡುಕಿಕೊಂಡು ಹೋಗಿ ಮೆದೆಯ ಹಿಂದೆ ಕಂಡಿದ್ದರಂತೆ. ಅಷ್ಟು ಜನರ ಮುಂದೆ, ಸೆರಗು ತಲೆಯ ಮೇಲೆ ಸರಿಮಾಡಿಕೊಂಡು, ಮೊರವನ್ನು ಗಂಡನ ಕಾಲ ಬಳಿ ಇಟ್ಟರು.

"ಎಂಗಸಿನ ಕೈ ಅಂದ್ರಲ್ಲ, ಇದು ನನ್ ಕೈ. ಊವು, ಪುರಿ, ಬೆಲ್ಲ, ಎಲ್ಲಾನೂ ಅದರ ಬಾಯ್ಗೆ ನಾನೇ ಇಕ್ಕಿದ್ದು. ಅಮ್ಮಣ್ಣಿ ಏನೂ ಕೆಡಿಸ್ನಿಲ್ಲ. ಆ ಲಾರಿ ಕಳ್ಸಿ."

 ಮಾವ ಬಗ್ಗಿ ಮೊರದಿಂದ ಒಂದು ಸೀದ ಹುರಿಗಡಲೆ ಎತ್ತಿಕೊಂಡು ಬೆರಳಲ್ಲಿ ಉರುಳಿಸಿ ನೋಡಿದರು.  ಆಮೇಲೆ ತಾವೇ ಬೇಲಿಯ ತನಕ ನಡೆದು ಹೋಗಿ, ಗುಜರಿಯವನಿಗೆ ಏನೋ ಹೇಳಿ ಲಾರಿ ತಿರುಗಿಸಿ ಕಳಿಸಿದರು.

ನಾನು ಓಡಿಹೋಗಿ ಅತ್ತೆಯ ಕೈ ಹಿಡಿದುಕೊಂಡೆ. ಅಳು, ನಗು ಎರಡೂ ಒಟ್ಟಿಗೆ ಬರುತ್ತಿತ್ತು. ಅವರು ನನ್ನನ್ನು ಅಪ್ಪಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಕೈ ಬಿಡಿಸಿಕೊಂಡರು.

"ಯಾಕ್ ಬಚ್ಚಿಟ್ಟೆ ಅದ್ನ?"

"ನಿಮಗೆ ಬೇಜಾರಾಗತ್ತೆ ಅಂತ ಅತ್ತೆ."

"ಗಾಡಿ ನಿಂಗೆ ಗೊತ್ತು. ಅದರ ಒಟ್ಟೆ ನಿಂಗೆ ಗೊತ್ತು. ಎಲ್ಲಾರೂ ನಿನ್ ಕೈ ನೋಡ್ತಾರೆ" ಅಂದರು ಅತ್ತೆ, ನನಗೆ ಮಾತ್ರ ಕೇಳುವಂತೆ. "ನನ್ ತಪ್ಪಾದ್ರೂ ನಂಗಿರ್ಲಿ ಅಮ್ಮಣ್ಣಿ. ಅದ್ನೂ ನೀನೇ ತಗಂಡ್ಬಿಟ್ರೆ, ಈ ಮನೇಲಿ ನಂಗೇನು ಉಳೀತದೆ?"

ನನ್ನ ದೊಡ್ಡ ಮನಸ್ಸೆಲ್ಲ ಅಲ್ಲೇ ಇಳಿದುಹೋಯಿತು. ಮಸಿ ಕೈಯನ್ನು ಸೀರೆಗೆ ಒರೆಸುತ್ತ ನಿಂತೆ. ಒಂದು ಸುತ್ತು ಓಡಿಸಿ ನೋಡೋಣ ಅಂತ ಇವರು ಮತ್ತೆ ಇಂಜಿನ್ ಚಾಲೂ ಮಾಡಿದ್ದರು. ಅತ್ತೆ ನೆಟ್ಟಗೆ ಹೋಗಿ ಮುಂದಿನ ಸೀಟಿನಲ್ಲಿ, ಮಾವ ಕೂರುವ ಜಾಗದಲ್ಲಿ ಕೂತರು. ಎಂದೂ ಹಿಂದೆ ಕೂತಿರದ ಮಾವ ಹಿಂದಿನ ಬಾಗಿಲಿಗಾಗಿ ಹುಡುಕಿದರು. ಆ ಕಾರಿಗೆ ಹಿಂದೆ ಬಾಗಿಲಿರಲಿಲ್ಲ. ಅತ್ತೆ ಇಳಿದು ಸೀಟು ಬಗ್ಗಿಸಿ ದಾರಿ ಬಿಟ್ಟರು, ಮಾವ ಪಂಚೆ ಎತ್ತಿಕೊಂಡು ಹಿಂದೆ ನುಸುಳಿ ಕೂತರು, ಅತ್ತೆ ಮತ್ತೆ ಮುಂದೆ ಕೂತು ಬಾಗಿಲು ಹಾಕಿಕೊಂಡರು.